ರಿಪೇರಿಯಲ್ಲಿ ಕಳೆದುಹೋಗುತ್ತಿರುವ ಮನೆಗಳು

ಹಳೆಯ ಮನೆಯೊಂದನ್ನು ಜೆಸಿಬಿ ತಂದು ಕೆಡವಿದರೆ ಧೂಳೇಳುತ್ತದೆ, ಸದ್ದಾಗುತ್ತದೆ, ಗಲ್ಲಿಯ ಜನ ನಿಂತು ನೋಡುತ್ತಾರೆ, ನಾಲ್ಕು ದಿನ ಮಾತಾಡಿಕೊಳ್ಳುತ್ತಾರೆ. ಬೆಳಗಾವಿಯಲ್ಲಿ ಈಗ ಸದ್ದಿಲ್ಲದ ಇನ್ನೊಂದು ನಾಶ ನಡೆದಿದೆ. ಮನೆ ನಿಂತೇ ಇರುತ್ತದೆ, ಅದರ ಗುಣ ಮಾತ್ರ ಹೋಗಿರುತ್ತದೆ. ಒಂದು ವರ್ಷ ಪಡಸಾಲೆಯ ಸಾಗವಾನಿ ಕಂಬಗಳಿಗೆ ಆಯಿಲ್ ಪೇಂಟ್ ಬೀಳುತ್ತದೆ. ಮರುವರ್ಷ ಸುಣ್ಣದ ಗಚ್ಚು ಕೆರೆದು ಸಿಮೆಂಟಿನ ಗಿಲಾವು ಮಾಡಿಸುತ್ತಾರೆ. ಆಮೇಲೆ ಶಹಾಬಾದ್ ಕಲ್ಲು ಕಿತ್ತು ಟೈಲ್ಸ್, ಮುಂದಿನ ಕಟ್ಟೆ ಒಡೆದು ಅಂಗಡಿಗೆ ಶಟರ್, ಕೆತ್ತನೆಯ ಚೌಕಟ್ಟು ತೆಗೆದು ಅಲ್ಯೂಮಿನಿಯಂ ಕಿಟಕಿ. ಕಟ್ಟಕಡೆಗೆ ಹಂಚು ಇಳಿಯುತ್ತದೆ, ತಗಡೋ ಸ್ಲ್ಯಾಬೋ ಏರುತ್ತದೆ. ಇಷ್ಟಕ್ಕೂ ನಾವು ಕೊಟ್ಟಿರುವ ಹೆಸರು ರಿಪೇರಿ. ಖಡೇಬಜಾರಿನಿಂದ ಶಹಾಪುರದವರೆಗೆ, ಅಲ್ಲಿಂದ ಖಾನಾಪುರ, ನಂದಗಡದವರೆಗೆ ಕಾಣುವುದು ಇದೇ ಕ್ರಮ.

ಮನೆಯ ಮಾಲೀಕರನ್ನು ದೂರಲು ಈ ಮಾತು ಬರೆಯುತ್ತಿಲ್ಲ. ಸೋರುವ ಮಾಡಿನ ಕೆಳಗೆ ಮಕ್ಕಳನ್ನು ಮಲಗಿಸಿಕೊಂಡವರಿಗೆ ಪರಂಪರೆಯ ಉಪದೇಶ ಮಾಡುವುದು ಸಲ್ಲದು. ಅವರು ಗೌಂಡಿಯನ್ನು ಕೇಳುತ್ತಾರೆ, ಗೌಂಡಿ ತನಗೆ ಗೊತ್ತಿರುವುದನ್ನು ಹೇಳುತ್ತಾನೆ, ಅವನಿಗೆ ಗೊತ್ತಿರುವುದು ಸಿಮೆಂಟು. ಅದಕ್ಕಿಂತ ಬೇರೆ ದಾರಿ ಇದೆ ಎಂದು ಹೇಳುವ ಒಬ್ಬ ಎಂಜಿನಿಯರ್, ಒಂದು ಕಚೇರಿ, ಒಂದು ಅರ್ಜಿಯ ನಮೂನೆ ಈ ಜಿಲ್ಲೆಯಲ್ಲಿ ಅವರ ಕೈಗೆಟಕುವಂತಿಲ್ಲ. ಹಳೆಯ ಮನೆಯನ್ನು ಅದರ ಮೂಲ ಗುಣಕ್ಕೆ ಮರಳಿಸುವ ಕೆಲಸ ಖಾಸಗಿ ಹವ್ಯಾಸವಾಗಿ ಉಳಿದಿದೆ, ಸಾರ್ವಜನಿಕ ಹೊಣೆಯಾಗಿಲ್ಲ. ನಮ್ಮ ಆತಂಕ ಇರುವುದು ಇಲ್ಲಿ.

ಆ ಕೆಲಸ ಸಾಧ್ಯವೆಂಬುದಕ್ಕೆ ಸಾಕ್ಷಿ ಊರೊಳಗೇ ಇದೆ. 1892ರ ಅಕ್ಟೋಬರಿನಲ್ಲಿ ಸ್ವಾಮಿ ವಿವೇಕಾನಂದರು ಕೊಲ್ಹಾಪುರದಿಂದ ಬೆಳಗಾವಿಗೆ ಬಂದರು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ, ಷಿಕಾಗೋದ ಕೀರ್ತಿ ಮುಂದಿನ ವರ್ಷದ ಮಾತು. ಮೊದಲು ರಿಸಾಲ್ದಾರ್ ಗಲ್ಲಿಯಲ್ಲಿ ವಕೀಲ ಸದಾಶಿವರಾವ್ ಭಾಟೆಯವರ ಮನೆಯಲ್ಲಿ, ಆಮೇಲೆ ಕೋಟೆಯೊಳಗೆ ಅರಣ್ಯಾಧಿಕಾರಿ ಹರಿಪದ ಮಿತ್ರರ ನಿವಾಸದಲ್ಲಿ ಉಳಿದರು. ಗುರುತಿಲ್ಲದ ತರುಣ ಸಂನ್ಯಾಸಿಯೊಬ್ಬನಿಗೆ ಒಂದು ಮರಾಠಿ ಮನೆ, ಒಂದು ಬಂಗಾಳಿ ಮನೆ ಬಾಗಿಲು ತೆರೆದವು. ಭಾಟೆಯವರ ಮಗನೂ ಹರಿಪದ ಮಿತ್ರರೂ ಮುಂದೆ ಆ ದಿನಗಳನ್ನು ನೆನೆದು ಬರೆದಿಟ್ಟರು. ಕೋಟೆಯ ಮನೆಯನ್ನು ಸರ್ಕಾರ ರಾಮಕೃಷ್ಣ ಮಿಷನ್‌ಗೆ ಒಪ್ಪಿಸಿತು. ಅದು ದುರಸ್ತಿಗೊಂಡು ಸ್ಮಾರಕವಾಗಿ ನಿಂತಿದೆ. ಒಳಗೆ ಹೋದವರಿಗೆ ಆ ಕಾಲದ ವಸತಿಯ ಅಳತೆ ತಿಳಿಯುತ್ತದೆ. ಮಾತುಕತೆ ನಡೆದ ಕೋಣೆ ಎಷ್ಟು ದೊಡ್ಡದು, ಬೆಳಕು ಯಾವ ಕಡೆಯಿಂದ ಬರುತ್ತದೆ ಎಂಬುದನ್ನು ಪುಸ್ತಕ ಓದಿ ತಿಳಿಯಲಾಗದು.

ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ಶುರುಮಾಡಿಯೇ ಬಿಟ್ಟಿದ್ದರು. ಜನ ಎದ್ದರು, ಕೆಲಸ ನಿಂತಿತು, 2016ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಕುಪ್ಪಳಿಯ ಕುವೆಂಪು ಕವಿಮನೆಯನ್ನು ಕಾಣಲು ನಾಡಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಧಾರವಾಡದ ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ ಇದೆ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಒಂದು ಮನೆ ಉಳಿಯಬೇಕಾದರೆ ಅಲ್ಲಿ ಕವಿ ಹುಟ್ಟಿರಬೇಕು, ಸ್ವಾಮೀಜಿ ತಂಗಿರಬೇಕು ಎಂಬ ನಿಯಮ ತನ್ನಷ್ಟಕ್ಕೇ ಬೆಳೆದುಬಿಟ್ಟಿದೆ. ಹೆಸರಿಲ್ಲದ ಬಡಿಗೇರರು ಕೆತ್ತಿದ ತೊಲೆಗೆ, ನಾಲ್ಕು ತಲೆಮಾರಿನ ಹೆಂಗಸರು ಸಾರಿಸಿದ ಅಂಗಳಕ್ಕೆ ಈ ನಿಯಮದಲ್ಲಿ ಜಾಗವಿಲ್ಲ.

ನಂದಗಡವನ್ನೇ ನೋಡಿ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ಊರೆಂದು ನಾಡಿಗೆಲ್ಲ ಗೊತ್ತು. ರಾಯಣ್ಣನ ಸಮಾಧಿಗೆ ಜನ ನಡೆದುಕೊಳ್ಳುತ್ತಾರೆ, ಗಣ್ಯರು ಮಾಲೆ ಹಾಕುತ್ತಾರೆ. ಅದೇ ನಂದಗಡ, ರೈಲು ಬರುವ ಮೊದಲು, ಘಟ್ಟ ಹತ್ತಿ ಬರುವ ಗೋವಾದ ಉಪ್ಪು, ತೆಂಗು, ಅಡಿಕೆಯ ವ್ಯಾಪಾರಕ್ಕೆ ಹೆಸರಾದ ಪೇಟೆಯಾಗಿತ್ತು. ವ್ಯಾಪಾರ ನಡೆದದ್ದು ಮನೆಗಳಲ್ಲಿ: ಮುಂದೆ ಕಟ್ಟೆ ಮತ್ತು ಅಂಗಡಿ, ಹಿಂದೆ ಸಂಸಾರ, ಮೇಲೆ ದಾಸ್ತಾನಿನ ಅಟ್ಟ. ರಾಯಣ್ಣ ಓಡಾಡಿದ ಊರು ಹೇಗಿತ್ತು ಎಂದು ಶಾಲೆಯ ಮಕ್ಕಳು ಕೇಳಿದರೆ ತೋರಿಸಲು ಪ್ರತಿಮೆಗಳಿವೆ. ಆ ಊರಿನ ಬೀದಿಯ ರೂಪ ಮಾತ್ರ ನಮ್ಮ ಕಣ್ಣೆದುರೇ ಕರಗುತ್ತಿದೆ.

ಬೆಳಗಾವಿಯ ಮನೆಗಳ ಚಹರೆ ವಿಶೇಷವಾದದ್ದು. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನಲ್ಲಿ ಈ ಊರಿದೆ. ದಕ್ಷಿಣಕ್ಕೂ ಪಶ್ಚಿಮಕ್ಕೂ ಖಾನಾಪುರ, ಜಾಂಬೋಟಿ, ಕಣಕುಂಬಿ ಕಡೆ ಹೋದಂತೆ ಮಳೆ ಹೆಚ್ಚು, ಮಾಡು ಕಡಿದಾಗುತ್ತದೆ, ಚಾವಡಿಯ ಮುಂದೆ ಹಂಚು ಉದ್ದಕ್ಕೆ ಚಾಚಿಕೊಳ್ಳುತ್ತದೆ. ಪೂರ್ವಕ್ಕೆ ಸವದತ್ತಿಯ ದಿಕ್ಕಿನಲ್ಲಿ ಹೋದರೆ ಮಣ್ಣಿನ ಮಾಳಿಗೆ, ಜಂತಿ, ಬೆಳಕಿಂಡಿ. ನಗರದಲ್ಲಿ ಇವೆರಡೂ ಕೂಡಿದವು. ಅದರ ಮೇಲೆ ಮರಾಠರ ವಾಡೆಯ ವಿನ್ಯಾಸ ಬಂತು. 1818ರಲ್ಲಿ ಕೋಟೆ ಬ್ರಿಟಿಷರ ಕೈಸೇರಿದ ಮೇಲೆ ದಂಡುಪ್ರದೇಶದ ಬಂಗಲೆಗಳು, ಅಗಲವಾದ ವರಾಂಡ, ಎತ್ತರದ ಮಾಡು ಬಂದವು. ಕೋಟೆಯೊಳಗೆ 1204ರ ಕಮಲ ಬಸದಿಯೂ ವಿಜಾಪುರದ ಆದಿಲ್‌ಶಾಹಿ ಕಾಲದ ಸಫಾ ಮಸೀದಿಯೂ ಇವೆ. ಹೀಗೆ ಹಲವು ಕಾಲ, ಹಲವು ಕೈಗಳು ಸೇರಿ ಕಟ್ಟಿದ ಊರಿದು. ಬಸದಿಗೆ, ಮಸೀದಿಗೆ ಪುರಾತತ್ವ ಇಲಾಖೆಯ ಕಾವಲುಂಟು. ಮನೆಗಳಿಗೆ ಯಾರೂ ಇಲ್ಲ.

ಹಂಚಿನ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಈ ನಾಶ ಬಹುತೇಕ ಶುರುವಾಗುವುದೇ ಅಲ್ಲಿ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಒಂದಕ್ಕೊಂದು ಕಚ್ಚಿ ಕೂರುವ ಚಪ್ಪಟೆ ಹಂಚು ದೇಶಕ್ಕೆಲ್ಲ ಹರಡಿತು. ಖಾನಾಪುರ ಭಾಗದ ಮಣ್ಣೂ ಅಂಥದೇ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಹರಿದುಬರುವ ಈ ತಾಲ್ಲೂಕು ಹಂಚು, ಇಟ್ಟಂಗಿ, ಮಡಕೆಗಳಿಗೆ ಹೆಸರಾಯಿತು. ಕಾಡಿನಿಂದ ಸಾಗವಾನಿ, ಮತ್ತಿ, ಹೊನ್ನೆ ಬಂದವು. ಬೆಳಗಾವಿಯ ಮನೆಗಳು ಹೀಗೆ ಖಾನಾಪುರದ ಮಣ್ಣನ್ನೂ ಮರವನ್ನೂ ಹೊತ್ತು ನಿಂತವು.

ಹಂಚಿನ ಮಾಡಿಗೆ ಪ್ರತಿ ಬೇಸಿಗೆಯಲ್ಲಿ ಆರೈಕೆ ಬೇಕು. ಒಡೆದದ್ದನ್ನು ಬದಲಿಸಿ, ಸರಿದದ್ದನ್ನು ಕೂರಿಸಿ, ಹಾವಸೆ ಉಜ್ಜಿ ಕೈಯಾಡಿಸಿದರೆ ಮಾಡು ತಲೆಮಾರುಗಳ ಕಾಲ ಬಾಳುತ್ತದೆ. ಹಂಚು ಕಚ್ಚಿ ಕೂರುವುದು ಅದರ ಏಣು ಮತ್ತು ತೋಡಿನ ಲೆಕ್ಕದಲ್ಲಿ. ಒಂದು ಕಾರ್ಖಾನೆಯ ಅಚ್ಚಿನ ಹಂಚು ಇನ್ನೊಂದರ ಜೊತೆ ಕೂರುವುದಿಲ್ಲ. ಹಳೆಯ ಅಚ್ಚಿನ ಕಾರ್ಖಾನೆ ಮುಚ್ಚಿದ ಮೇಲೆ ಒಡೆದ ಇಪ್ಪತ್ತು ಹಂಚಿಗೆ ಬದಲಿ ಸಿಗುವುದಿಲ್ಲ. ಸಿಕ್ಕ ಹಂಚನ್ನು ತುರುಕಿದರೆ ಸಂದಿ ಬಿಡುತ್ತದೆ, ಆಷಾಢದ ಗಾಳಿಮಳೆಗೆ ನೀರು ಒಳನುಗ್ಗುತ್ತದೆ. ಮೊದಲು ರೀಪು ಕೊಳೆಯುತ್ತದೆ, ಆಮೇಲೆ ಪಕಾಸಿ, ಆಮೇಲೆ ಗೋಡೆಯೊಳಗೆ ಹೂತಿರುವ ತೊಲೆಯ ತುದಿ. ಅಲ್ಲಿಗೆ ಬಂದಾಗ ಮಾಲೀಕರಿಗೆ ಉಳಿಯುವುದು ಇಡೀ ಮಾಡು ಇಳಿಸುವ ದಾರಿಯೊಂದೇ. ಇಪ್ಪತ್ತು ಹಂಚು ಸಿಗದೆ ಒಂದು ವಾಡೆ ಹೋಗುತ್ತದೆ. ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದು ಇದೇ ಖಾನಾಪುರದಲ್ಲಿ. ಮಣ್ಣಿನ ಗುಣ, ಸುಡುವ ಹದ ಬಲ್ಲವರು ಅಲ್ಲಿದ್ದಾರೆ. ಹಳೆಯ ಹಂಚಿನ ಅಚ್ಚುಗಳನ್ನು ಸಂಗ್ರಹಿಸಿ, ಬೇಕಾದಷ್ಟು ಹಂಚನ್ನು ಅಳತೆಗೆ ಸುಟ್ಟುಕೊಡುವ ಕೆಲಸವನ್ನು ಆ ಸಂಸ್ಥೆಗೂ ತಾಲ್ಲೂಕಿನ ಭಟ್ಟಿಗಳಿಗೂ ವಹಿಸಲು ಏನು ಅಡ್ಡಿ? ನಗರದ ಹಳೆಯ ಮನೆಗಳನ್ನು ಉಳಿಸುವ ಕೆಲಸ ಖಾನಾಪುರದ ಒಲೆಗಳಿಗೆ ಅನ್ನವಾಗಬಲ್ಲದು. ಎರಡು ಊರುಗಳ ಈ ಸಂಬಂಧವನ್ನು ಯಾವ ಯೋಜನೆಯೂ ಕಂಡಂತಿಲ್ಲ.

ಗೋಡೆಯ ಕಥೆಯೂ ಹೀಗೆಯೇ. ಈ ಭಾಗದ ಕೆಂಪುಕಲ್ಲು ನೀರು ಹೀರುವ ಕಲ್ಲು. ಮಳೆಗಾಲದಲ್ಲಿ ಹೀರಿದ್ದನ್ನು ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣದ ಗಚ್ಚಿನ ಗಿಲಾವು ಆ ತೇವವನ್ನು ಹೊರಬಿಡುತ್ತದೆ. ಸುಣ್ಣವನ್ನು ಅರಳಿಸಿ, ಮರಳು ಕೂಡಿಸಿ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಿಸಿ ಹದ ಬರುವವರೆಗೆ ಕಾಯುತ್ತಿದ್ದವರು ಸುಮ್ಮನೆ ಕಾಯುತ್ತಿರಲಿಲ್ಲ. ಆ ಗೋಡೆಗೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಹೊರಗೆ ಎರಡು ವರ್ಷ ಗೋಡೆ ಹೊಸದಾಗಿ ಹೊಳೆಯುತ್ತದೆ, ಒಳಗೆ ಕಲ್ಲು ಪುಡಿಯಾಗುತ್ತದೆ, ಉಪ್ಪು ಹೂವಾಗಿ ಅರಳುತ್ತದೆ, ತೊಲೆಯ ತುದಿ ಗೆದ್ದಲಿಗೆ ಮೆತ್ತಗಾಗುತ್ತದೆ. ಆಮೇಲೆ ಮಂದಿ ಹೇಳುತ್ತಾರೆ: ಹಳೇ ಮನಿ, ಎಷ್ಟ ರಿಪೇರಿ ಮಾಡಿದ್ರೂ ಅಷ್ಟ. ಮನೆ ಕೆಟ್ಟದ್ದು ಆ ರಿಪೇರಿಯಿಂದಲೇ ಎಂಬುದನ್ನು ಯಾರೂ ಅವರಿಗೆ ತಿಳಿಸಿರುವುದಿಲ್ಲ.

ಹಳೆಯ ಮನೆಗಳು ಅಪಾಯಕಾರಿ, ಜೀವ ದೊಡ್ಡದೋ ಗೋಡೆ ದೊಡ್ಡದೋ ಎಂದು ಕೇಳುವವರಿದ್ದಾರೆ. ಜೀವವೇ ದೊಡ್ಡದು. 2021ರ ಅಕ್ಟೋಬರಿನಲ್ಲಿ ಬೆಳಗಾವಿ ತಾಲ್ಲೂಕಿನ ಬಡಾಲ ಅಂಕಲಗಿಯಲ್ಲಿ ಮಳೆಗೆ ನೆನೆದ ಮನೆಯ ಗೋಡೆ ಕುಸಿದು ಏಳು ಜನ ಸತ್ತರು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ 2012ರಲ್ಲಿ ಬಿದ್ದು ನಾಲ್ವರನ್ನು ಬಲಿ ತೆಗೆದುಕೊಂಡಿತು. ಈ ಸಾವುಗಳು ಹೇಳುವುದು ಸಕಾಲದ ಆರೈಕೆ ಬೇಕೆಂದು. ನಮ್ಮ ಸರ್ಕಾರದ ಹಣ ಹರಿಯುವ ದಾರಿ ಮಾತ್ರ ತಲೆಕೆಳಗಾಗಿದೆ. 2019ರ ಮಹಾಪೂರದಲ್ಲಿ ಜಿಲ್ಲೆಯ ಉದ್ದಗಲಕ್ಕೆ ಮನೆಗಳು ಬಿದ್ದಾಗ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಪರಿಹಾರ ಘೋಷಣೆಯಾಯಿತು. ನೊಂದವರಿಗೆ ಅದು ಸಿಗಲೇಬೇಕಿತ್ತು. ಆದರೆ ನಿಂತಿರುವ ಮನೆಯ ಮಾಡಿಗೆ ಬೇಸಿಗೆಯಲ್ಲಿ ಅದರ ಹತ್ತರಲ್ಲೊಂದು ಪಾಲು ಕೇಳಿದರೆ ಕೊಡುವ ಲೆಕ್ಕಶೀರ್ಷಿಕೆ ಎಲ್ಲಿದೆ? ಬಿದ್ದ ಮೇಲಷ್ಟೇ ಮನೆ ಸರ್ಕಾರದ ಕಣ್ಣಿಗೆ ಬೀಳುತ್ತದೆ.

ದೇವಾಲಯಗಳ ವಿಷಯದಲ್ಲಿ ಕರ್ನಾಟಕ ಇದಕ್ಕೆ ಉತ್ತರ ಕಂಡುಕೊಂಡಿದೆ. ಶೇ 40ರಷ್ಟು ಸರ್ಕಾರ, ಶೇ 40ರಷ್ಟು ಧರ್ಮಸ್ಥಳದ ಶ್ರೀ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್, ಉಳಿದ ಶೇ 20ರಷ್ಟು ಊರಿನವರು ಎಂಬ ಸೂತ್ರದಲ್ಲಿ ನೂರಾರು ಶಿಥಿಲ ದೇಗುಲಗಳು ಎದ್ದು ನಿಂತವು. ಪುದುಚೇರಿಯ ವೈಶ್ಯಾಳ್ ಬೀದಿಯಲ್ಲಿ ಜನ ವಾಸವಿರುವ ಮನೆಗಳ ಮುಂಭಾಗವನ್ನೇ ಇಂಟ್ಯಾಕ್ ಸಂಸ್ಥೆ ಮನೆಯವರ ಜೊತೆಗೂಡಿ ಮೊದಲಿನ ರೂಪಕ್ಕೆ ತಂದಿತು. ಯುನೆಸ್ಕೊ ಅದನ್ನು ಗುರುತಿಸಿತು. ಅದೇ ಪುದುಚೇರಿಯಲ್ಲಿ ಫ್ರೆಂಚರ ಕಾಲದ ಮೇರಿ ಕಟ್ಟಡ ವರ್ಷಗಟ್ಟಲೆ ನಿರ್ಲಕ್ಷ್ಯಕ್ಕೊಳಗಾಗಿ 2014ರ ಮಳೆಯಲ್ಲಿ ಕುಸಿಯಿತು. ಈಗ ಅಲ್ಲಿರುವುದು ಹೊಸದಾಗಿ ಕಟ್ಟಿದ ಅದರ ಪ್ರತಿರೂಪ.

ಪ್ರತಿರೂಪದ ಮೋಹ ನಮ್ಮ ಜಿಲ್ಲೆಗೂ ತಟ್ಟಿದೆ. ಕಿತ್ತೂರಿನ ಅರಮನೆಯ ತದ್ರೂಪವನ್ನು ಬಚ್ಚನಕೇರಿಯಲ್ಲಿ ಕಟ್ಟುವ ಪ್ರಸ್ತಾವ 2022ರಲ್ಲಿ ಬಂದಾಗ ಕಿತ್ತೂರಿನ ಜನ ಒಪ್ಪಲಿಲ್ಲ. ಅವರ ಜಗಳ ಜಾಗದ ಬಗ್ಗೆ ಇದ್ದಿರಬಹುದು. ನಮ್ಮ ತಕರಾರು ಅದಕ್ಕಿಂತ ಮೊದಲಿನದು. 1824ರಲ್ಲಿ ಚೆನ್ನಮ್ಮ ಕಾದಾಡಿದ ಕೋಟೆಯ ಗೋಡೆ ಅಳಿದುಳಿದ ರೂಪದಲ್ಲಾದರೂ ಎದುರಿಗಿದೆ. ಅದರ ಒಂದೊಂದು ಕಲ್ಲಿಗೂ ಬೇಕಾದ ಆರೈಕೆ ಕೊಟ್ಟು ಮುಗಿಸಿದ್ದೇವೆಯೇ? ಕಾಂಕ್ರೀಟಿನಲ್ಲಿ ಎರಕ ಹೊಯ್ದ ಅರಮನೆಗೆ ಟೆಂಡರು ಕರೆಯುವುದು ಸುಲಭ, ಉದ್ಘಾಟನೆಗೆ ದಿನ ಗೊತ್ತುಮಾಡುವುದು ಸುಲಭ. ಹಳೆಯ ಗೋಡೆಗೆ ಸುಣ್ಣ ಅರಳಿಸಿ ಕೂರುವ ಕೆಲಸಕ್ಕೆ ಉದ್ಘಾಟನೆಯೇ ಇರುವುದಿಲ್ಲ.

ಮೂಲ ಗುಣ ಎಂದರೆ ಯಾವ ಕಾಲದ್ದು ಎಂಬ ಪ್ರಶ್ನೆ ನ್ಯಾಯವಾದದ್ದು. ಅಜ್ಜ ಕಟ್ಟಿದ ಪಡಸಾಲೆ, ಮಗ ಸೇರಿಸಿದ ಮಹಡಿ, ಮೊಮ್ಮಗ ಹಾಕಿಸಿದ ಬಣ್ಣದ ಗಾಜು, ಇವುಗಳಲ್ಲಿ ಯಾವುದು ಮೂಲ? ಇಂಗ್ಲೆಂಡಿನಲ್ಲಿ ಹಳೆಯ ಚರ್ಚುಗಳನ್ನು ಮೂಲಕ್ಕೆ ತರುತ್ತೇವೆಂದು ನಡುಗಾಲದ್ದನ್ನೆಲ್ಲ ಕೆರೆದುಹಾಕುತ್ತಿದ್ದಾಗ ವಿಲಿಯಂ ಮಾರಿಸ್ 1877ರಲ್ಲಿ ಅದರ ವಿರುದ್ಧ ಸಂಘವನ್ನೇ ಕಟ್ಟಿದ. 1964ರ ವೆನಿಸ್ ಸನ್ನದು ಎಲ್ಲ ಕಾಲದ ಯೋಗ್ಯ ಕೊಡುಗೆಯನ್ನೂ ಮನ್ನಿಸಬೇಕು, ಊಹೆ ಎಲ್ಲಿ ಶುರುವಾಗುತ್ತದೋ ಅಲ್ಲಿ ಕೈ ನಿಲ್ಲಬೇಕು ಎಂದು ಹೇಳಿತು. ನಾವು ಕೇಳುತ್ತಿರುವುದೂ ಅಷ್ಟೆ. ಮಗನ ಮಹಡಿ ಇರಲಿ, ಮೊಮ್ಮಗನ ಬಣ್ಣದ ಗಾಜೂ ಇರಲಿ. ಕಂಬದ ಆಯಿಲ್ ಪೇಂಟ್ ನಾಜೂಕಾಗಿ ತೆಗೆದು ಎಣ್ಣೆ ಸವರಲಿ. ಸಿಮೆಂಟ್ ಬಿಡಿಸಿ ಸುಣ್ಣ ಬರಲಿ. ಕಟ್ಟೆ ಮರಳಲಿ. ಒಳಗೆ ಒಳ್ಳೆಯ ಶೌಚಾಲಯ, ಅಡುಗೆಮನೆ, ವಿದ್ಯುತ್ತು ಎಲ್ಲವೂ ಇರಬೇಕು, ಏಕೆಂದರೆ ಈ ಮನೆಗಳು ಉಳಿಯುವುದು ಜನ ಅಲ್ಲಿ ಸುಖವಾಗಿ ಬಾಳಿದರೆ ಮಾತ್ರ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಟಿಕೆಟ್ ಹರಿಯುವ ಮನೆಗಳ ಊರು ನಮಗೆ ಬೇಡ.

ಮನೆಯ ಅಂಗಗಳಿಗೆ ಮನೆಗಿಂತ ಹೆಚ್ಚು ಬೆಲೆ ಬಂದಿರುವುದು ಇನ್ನೊಂದು ಕೇಡು. ಕೆತ್ತನೆಯ ಕಂಬ, ಹಿತ್ತಾಳೆಯ ಕೀಲು, ದಿಡ್ಡಿಬಾಗಿಲು ಹುಡುಕಿಕೊಂಡು ಬರುವ ವ್ಯಾಪಾರಿಗಳಿದ್ದಾರೆ. ಖಾನಾಪುರದ ಸಾಗವಾನಿ ಯಾವುದೋ ರೆಸಾರ್ಟಿನ ಸ್ವಾಗತಕೋಣೆಯಲ್ಲಿ ಅಲಂಕಾರವಾಗುತ್ತದೆ. ವಿಜಯನಾಥ ಶೆಣೈ ಅವರು ನಾಡಿನ ಬೇರೆಬೇರೆ ಕಡೆ ಕೆಡವಲು ಸಿದ್ಧವಾಗಿದ್ದ ಮನೆಗಳನ್ನು ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. ಕುಕನೂರಿನ ಕಮಲ ಮಹಲೂ ಅವುಗಳಲ್ಲಿ ಒಂದು. ಆ ಏಕಾಂಗಿ ಸಾಧನೆಗೆ ನಾಡು ಋಣಿ. ಆದರೆ ಮನೆಯೊಂದು ಬದುಕಲು ಹುಟ್ಟಿದ ಊರು ಬಿಟ್ಟು ಕಡಲತೀರಕ್ಕೆ ಹೋಗಬೇಕಾಯಿತೆಂದರೆ ಅದು ಊರಿನ ಸೋಲು.

ಕಾನೂನು ಇಲ್ಲವೆಂದಲ್ಲ. 1961ರ ರಾಜ್ಯ ಕಾಯ್ದೆ ಘೋಷಿತ ಸ್ಮಾರಕಗಳನ್ನು ಕಾಯುತ್ತದೆ. ಜನ ವಾಸಿಸುವ ಮನೆ ಅದರಡಿ ಬರುವುದು ಅಪರೂಪ, ಬಂದರೂ ಅದು ಮನೆಯವರಿಗೆ ಶಿಕ್ಷೆಯಂತೆ ಕಾಣುತ್ತದೆ. ಬೇಕಿರುವುದು ನಗರ ಯೋಜನೆಯ ಒಳಗೇ ಸೇರಿದ ಪಟ್ಟಿ. ಮುಂಬೈ 1995ರಲ್ಲಿ ಇಂಥ ನಿಯಮ ತಂದು ಕಟ್ಟಡಗಳಿಗೆ ದರ್ಜೆ ಕೊಟ್ಟಿತು. ದರ್ಜೆಗೆ ತಕ್ಕಂತೆ ಏನು ಬದಲಿಸಬಹುದು, ಏನು ಬದಲಿಸಬಾರದು ಎಂಬುದು ಬರಹದಲ್ಲಿದೆ. 1956ರವರೆಗೆ ಅದೇ ಮುಂಬೈ ಆಡಳಿತದಲ್ಲಿದ್ದ ಬೆಳಗಾವಿ, 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಇಪ್ಪತ್ತು ನಗರಗಳ ಸಾಲಿಗೆ ಸೇರಿದ ಬೆಳಗಾವಿ, ತನ್ನ ಹಳೆಯ ಗಲ್ಲಿಗಳನ್ನು ಮನೆಮನೆಯಾಗಿ ಎಣಿಸಿ ಇಂಥ ದರ್ಜೆ ಕೊಡಬೇಕಿದೆ. ರಸ್ತೆ ಅಗಲೀಕರಣದ ಗೆರೆ ಎಳೆಯುವವನ ಮುಂದೆ ಆ ಪಟ್ಟಿ ಇರಬೇಕು.

ಮಾಲೀಕರ ಕಷ್ಟವೂ ಈ ಪಟ್ಟಿಯಲ್ಲಿ ಸೇರಬೇಕು. ಒಂದು ಉತಾರದಲ್ಲಿ ಹತ್ತಾರು ಹೆಸರು, ಒಬ್ಬೊಬ್ಬರು ಒಂದೊಂದು ಊರಲ್ಲಿ, ನಡುವೆ ಹಿಸ್ಸೆಯ ದಾವೆ. ಮಾರಿ ಹಂಚಿಕೊಳ್ಳುವುದೇ ಸುಲಭ ಎನಿಸುವುದು ಸಹಜ. ಉಳಿಸಿಕೊಂಡವರಿಗೆ ಮನೆಪಟ್ಟಿಯಲ್ಲಿ ರಿಯಾಯಿತಿ, ಕಟ್ಟದೆ ಬಿಟ್ಟ ಮಹಡಿಗಳಿಗೆ ಬದಲಾಗಿ ಬೇರೆಡೆ ಮಾರಬಹುದಾದ ಅಭಿವೃದ್ಧಿ ಹಕ್ಕು, ಕಡಿಮೆ ಬಡ್ಡಿಯ ಸಾಲ, ಇಷ್ಟು ಕೊಟ್ಟರೆ ಅವರ ಲೆಕ್ಕ ಬದಲಾಗುತ್ತದೆ. ಈ ಮನೆಗಳಲ್ಲಿ ಕನ್ನಡದವರಿದ್ದಾರೆ, ಮರಾಠಿಯವರಿದ್ದಾರೆ, ಉರ್ದು, ಕೊಂಕಣಿ ಆಡುವವರಿದ್ದಾರೆ. ಗಡಿಯ ವಾದ, ಫಲಕದ ವಾದ, ಪ್ರತಿಮೆಯ ವಾದಗಳಿಗೆ ಈ ಊರು ದಶಕಗಳ ಶಕ್ತಿ ಸುರಿದಿದೆ. ಅಷ್ಟರಲ್ಲಿ ಎಲ್ಲರ ಮಾಡೂ ಸೋರಿದೆ.

ಪ್ರತಿ ಚಳಿಗಾಲ ಸುವರ್ಣ ವಿಧಾನಸೌಧಕ್ಕೆ ಸರ್ಕಾರವೇ ಬಂದಿಳಿಯುತ್ತದೆ. ಉತ್ತರ ಕರ್ನಾಟಕದ ಚರ್ಚೆಗೆಂದೇ ಮೀಸಲಾದ ಆ ದಿನಗಳಲ್ಲಿ ಜಿಲ್ಲೆಯ ಶಾಸಕರು ಪಕ್ಷಭೇದ ಬಿಟ್ಟು ಈ ಪ್ರಶ್ನೆ ಎತ್ತಬೇಕು. ದೇಗುಲಗಳಿಗಿರುವ ಪಾಲುದಾರಿಕೆಯ ಸೂತ್ರವನ್ನು ಹಳೆಯ ಮನೆಗಳಿಗೂ ವಿಸ್ತರಿಸುವಂತೆ ಕೇಳಬೇಕು. ಪಾಲಿಕೆಯೂ ಖಾನಾಪುರದ ಪಟ್ಟಣ ಪಂಚಾಯತಿಯೂ ತಲಾ ಒಬ್ಬ ಸಂರಕ್ಷಣಾ ಎಂಜಿನಿಯರನ್ನು ನೇಮಿಸಿಕೊಂಡು, ಸುಣ್ಣದ ಕೆಲಸ ಬಲ್ಲ ಹಿರಿಯ ಗೌಂಡಿಗಳನ್ನು ಹುಡುಕಿ ಅವರ ಕೈಕೆಳಗೆ ಹುಡುಗರನ್ನು ಕೂಲಿ ಕೊಟ್ಟು ಕಲಿಯಲು ಬಿಡಬೇಕು. ಆ ಹಿರಿಯರಿಗೆ ವಯಸ್ಸಾಗಿದೆ. ಹಂಚು ಕೈಯಾಡಿಸುವ ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು, ಜೂನ್ ಮೊದಲ ವಾರಕ್ಕೆ ಮಳೆ ಹಿಡಿಯುತ್ತದೆ. ಅದಕ್ಕೆ ಬೇಕಾದ ಹಂಚನ್ನು ಭಟ್ಟಿಯವರು ಬಿಸಿಲಿನ ದಿನಗಳಲ್ಲೇ ಸುಡಬೇಕು. ಹಾಗಾಗಬೇಕಾದರೆ ಬರುವ ಪಾಲಿಕೆ ಬಜೆಟ್ಟಿನಲ್ಲೇ ಇದಕ್ಕೊಂದು ಲೆಕ್ಕಶೀರ್ಷಿಕೆ ತೆರೆದು ಹಣ ಇಡಬೇಕು.